ಹಳೇ ಸಿನಿಮಾದ ಹಡಗು ಯಾಕೆ ಆಟಿಕೆ ಥರ ಕಾಣುತ್ತದೆ?

ಹಳೇ ಸಿನಿಮಾದಲ್ಲಿ ಕಟ್ಟಡ ಬೀಳುವ ಸೀನನ್ನು ಹೇಗೋ ನಂಬಬಹುದು, ಹಡಗು ಮುಳುಗುವ ಸೀನ್ ಮಾತ್ರ ನೋಡಿದ ಕೂಡಲೇ ಆಟಿಕೆ ಅಂತ ಗೊತ್ತಾಗುತ್ತದೆ, ಯಾಕೆ ಅಂತ ಕೇಳಿದ್ದೀರಿ. ತಪ್ಪು ಹಡಗಿನದ್ದಲ್ಲ, ನೀರಿನದ್ದು. ನಾನು ಕಾರವಾರದವನು. ದಿನಾ ಕಡಲು ನೋಡುವವರ ಕಣ್ಣಿಗೆ ಇದು ಸ್ವಲ್ಪ ಜಾಸ್ತಿನೇ ಹೊಡೆಯುತ್ತದೆ.

ಇಂಥ ಸೀನಿಗೆ ತೊಟ್ಟಿಯಲ್ಲಿ ತೇಲಿಸುವ ಮಾದರಿ ಹಡಗನ್ನು ಎಷ್ಟು ಬೇಕಾದರೂ ಚಿಕ್ಕದಾಗಿ ಮಾಡಬಹುದು. ಕಿಟಕಿ, ಹಗ್ಗ, ಚಿಮಣಿ ಎಲ್ಲ ಅಳತೆಗೆ ತಕ್ಕಂತೆ. ನೀರಿನ ಹನಿಯನ್ನು ಚಿಕ್ಕದು ಮಾಡಲಿಕ್ಕೆ ಬರುವುದಿಲ್ಲ. ಮಳೆಗಾಲದಲ್ಲಿ ದೇವಬಾಗದ ಕಡೆ ದೊಡ್ಡ ತೆರೆ ಒಡೆದಾಗ ನೋಡಿ, ತುದಿ ಪುಡಿಪುಡಿಯಾಗಿ ಗಾಳಿಗೆ ಹಾರುತ್ತದೆ. ಸ್ಟುಡಿಯೋ ತೊಟ್ಟಿಯಲ್ಲಿ ಎಬ್ಬಿಸಿದ ಅಲೆಯಿಂದ ನಾಲ್ಕು ದಪ್ಪ ಹನಿ ಸಿಡಿಯುತ್ತವೆ ಅಷ್ಟೇ, ಆ ಪುಟ್ಟ ಹಡಗಿನ ಪಕ್ಕ ಒಂದೊಂದೂ ತೆಂಗಿನಕಾಯಿಯಷ್ಟು ಕಾಣುತ್ತದೆ.

ಇನ್ನೊಂದು ತೊಂದರೆ ವೇಗದ್ದು. 16 ಮೀಟರ್ ಎತ್ತರದಿಂದ ಬೀಳುವ ನೀರಿಗೆ ಕೆಳಗೆ ಬರಲು ಸುಮಾರು 1.8 ಸೆಕೆಂಡ್ ಬೇಕು, 1 ಮೀಟರಿನಿಂದಾದರೆ 0.45 ಸೆಕೆಂಡ್ ಸಾಕು. ಅಂದರೆ 16 ಪಟ್ಟು ಚಿಕ್ಕ ಮಾದರಿಯಲ್ಲಿ ನೀರಿಗೆ 4 ಪಟ್ಟು ಅವಸರ. ಅದಕ್ಕೇ ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಬದಲು 96 ಫ್ರೇಮ್ ತೆಗೆದು, ತೋರಿಸುವಾಗ 24ರಲ್ಲೇ ತೋರಿಸಬೇಕು. ಆಗ ಎಲ್ಲ 4 ಪಟ್ಟು ನಿಧಾನವಾಗಿ ಅಲೆಗೆ ತೂಕ ಬರುತ್ತದೆ. ಹನಿ ಮಾತ್ರ ದಪ್ಪವೇ. ಅದನ್ನು ಮರೆಸಬೇಕೆಂದರೆ ಮಾದರಿಯನ್ನೇ ದೊಡ್ಡದು ಮಾಡಬೇಕು, ಖರ್ಚೂ ಹಾಗೇ ಏರುತ್ತದೆ.

ಕೆಲವರು ನೀರಿನ ಸಹವಾಸವೇ ಬೇಡ ಅಂದರು. 1923ರ 'ಟೆನ್ ಕಮಾಂಡ್‌ಮೆಂಟ್ಸ್'ನಲ್ಲಿ ಬೈಬಲ್ ಕಥೆಯ ಹಾಗೆ ಕೆಂಪು ಸಮುದ್ರ ಸೀಳುತ್ತದಲ್ಲ, ಅಲ್ಲಿ ನೀರಿನ ಗೋಡೆ ಅಂತ ಕಾಣುವುದು ಜೆಲ್ಲಿ! ಅದನ್ನು ಕಾಯಿಸಿ ಕರಗಿಸುತ್ತಾ ಶೂಟ್ ಮಾಡಿ ಫಿಲ್ಮನ್ನು ಉಲ್ಟಾ ಓಡಿಸಿದರು. ಅದೇ ನಿರ್ದೇಶಕ ಡಿಮಿಲ್ 1956ರಲ್ಲಿ ಅದೇ ಕಥೆ ಮತ್ತೆ ತೆಗೆದಾಗ ನಿಜವಾದ ನೀರನ್ನೇ ದೊಡ್ಡ ತೊಟ್ಟಿಗೆ ಧುಮುಕಿಸಿ, ಅದನ್ನೂ ಉಲ್ಟಾ ತೋರಿಸಿದರು. ನನಗಂತೂ ಜೆಲ್ಲಿಯದ್ದೇ ಇಷ್ಟ.

ಕಂಪ್ಯೂಟರ್ ಬಂದ ಮೇಲೂ ನೀರು ಸುಲಭಕ್ಕೆ ಬಗ್ಗಲಿಲ್ಲ. 1989ರ 'ದಿ ಅಬಿಸ್'ನಲ್ಲಿ ನೀರೇ ಸೊಂಡಿಲಿನಂತೆ ಎದ್ದು ಬಂದು ಮನುಷ್ಯರ ಮುಖ ಅಣಕಿಸುತ್ತದೆ, ಚೆನ್ನಾಗಿದೆ, ಆದರೆ ನಯವಾದ ನೀರು ಅದು, ನೊರೆ ಇಲ್ಲ. 1997ರ 'ಟೈಟಾನಿಕ್'ನಲ್ಲಿ ಸುಮಾರು 45 ಅಡಿಯ ಮಾದರಿ ಹಡಗಿಗೆ ಕಂಪ್ಯೂಟರಿನ ಸಮುದ್ರ ಜೋಡಿಸಿದರು. 2000ದ 'ಪರ್ಫೆಕ್ಟ್ ಸ್ಟಾರ್ಮ್' ಹೊತ್ತಿಗೆ ಬಿರುಗಾಳಿಯ ಕಡಲೇ ಕಂಪ್ಯೂಟರಿನಲ್ಲಿ ಎದ್ದಿತು. ಈಗ ಹನಿಯ ಸಮಸ್ಯೆ ಇಲ್ಲ, ಆದರೂ ಕಡಿಮೆ ಬಜೆಟ್ಟಿನ ಸಿನಿಮಾದಲ್ಲಿ ಬೆಟ್ಟದಷ್ಟು ಎತ್ತರದ ಅಲೆ ಬಕೆಟ್ ನೀರಿನ ವೇಗದಲ್ಲಿ ಬಂದು ಬೀಳುತ್ತದೆ. ಅದೇ ಹಳೇ ತಪ್ಪು, ಅಲ್ವಾ?

ನಂಬಿಕೆ ಬರದಿದ್ದರೆ ಬಕೆಟ್ಟಿನಲ್ಲಿ ಪ್ಲಾಸ್ಟಿಕ್ ದೋಣಿ ಬಿಟ್ಟು, ಕೈಯಲ್ಲಿ ಅಲೆ ಎಬ್ಬಿಸಿ, ಮೊಬೈಲಿನಲ್ಲಿ ಒಮ್ಮೆ ಸುಮ್ನೆ, ಒಮ್ಮೆ ಸ್ಲೋ ಮೋಷನ್‌ನಲ್ಲಿ ತೆಗೆದು ನೋಡಿ. ಮೊಬೈಲನ್ನು ನೀರಿನ ಮಟ್ಟಕ್ಕೇ ಹಿಡಿಯಿರಿ, ಮೇಲಿಂದ ತೆಗೆದರೆ ಬಕೆಟ್ಟೇ ಕಾಣುತ್ತದೆ.