ಬಸವರಾಜು ಮತ್ತು ಕಾಂಗ್ರೆಸ್: ನಿಮ್ಮ ಪ್ರಶ್ನೆಗೆ

2019ರಲ್ಲಿ ದೇವೇಗೌಡರನ್ನು ತುಮಕೂರಿನಲ್ಲಿ ಸೋಲಿಸಿದ ಜಿ.ಎಸ್. ಬಸವರಾಜು ಹಿಂದೆ ಕಾಂಗ್ರೆಸ್ಸಿನಲ್ಲಿದ್ದರೇ ಎಂದು ಕೇಳಿದ್ದೀರಿ. ಇದ್ದರು; ಅದೂ ಮೂರು ಬಾರಿ ಆ ಪಕ್ಷದಿಂದಲೇ ಲೋಕಸಭೆಗೆ ಹೋಗಿದ್ದರು: 1984, 1989 ಮತ್ತು 1999ರಲ್ಲಿ. 2009 ಮತ್ತು 2019ರ ಗೆಲುವುಗಳು ಮಾತ್ರ ಬಿಜೆಪಿಯವು. 2014ರಲ್ಲಿ ಕಾಂಗ್ರೆಸ್ಸಿನ ಮುದ್ದಹನುಮೇಗೌಡರ ಎದುರು ಸೋತರು.

ತಮಾಷೆಯೆಂದರೆ, ಅವರು ಕಾಂಗ್ರೆಸ್ಸಿನಲ್ಲಿದ್ದ ಕಾಲದಲ್ಲಿ ಇದೇ ಕ್ಷೇತ್ರವನ್ನು ಬಿಜೆಪಿಗೆ ಗೆದ್ದುಕೊಟ್ಟವರು ಲೋಕಸಭೆಯ ಉಪಸಭಾಧ್ಯಕ್ಷರೂ ಆಗಿದ್ದ ಎಸ್. ಮಲ್ಲಿಕಾರ್ಜುನಯ್ಯ.

2019ರದ್ದು ಬೇರೆಯೇ ಕಥೆ. ದೇವೇಗೌಡರು ಹಾಸನವನ್ನು ಮೊಮ್ಮಗ ಪ್ರಜ್ವಲ್‌ಗೆ ಬಿಟ್ಟು ತುಮಕೂರಿಗೆ ಬಂದರು. ಕಾಂಗ್ರೆಸ್-ಜೆಡಿಎಸ್ ಮೈತ್ರಿಯ ಲೆಕ್ಕದಲ್ಲಿ ಕ್ಷೇತ್ರ ಜೆಡಿಎಸ್ ಪಾಲಾಗಿದ್ದರಿಂದ ಹಾಲಿ ಸಂಸದ ಮುದ್ದಹನುಮೇಗೌಡರಿಗೆ ಟಿಕೆಟ್ ತಪ್ಪಿತು. ಅವರು ಬಂಡಾಯವಾಗಿ ನಾಮಪತ್ರ ಸಲ್ಲಿಸಿ, ಕೊನೆಗೆ ಹಿಂತೆಗೆದುಕೊಂಡರು. ಆ ಮುನಿಸಿನ ಜೊತೆಗೆ ಹೇಮಾವತಿ ನೀರಿನ ಹಳೆಯ ಸಿಟ್ಟೂ ಸೇರಿತು. ಹಾಸನ ಜಿಲ್ಲೆಯ ಗೊರೂರಿನ ಅಣೆಕಟ್ಟೆಯಿಂದ ನಮ್ಮ ಪಾಲು ಸರಿಯಾಗಿ ಬರುತ್ತಿಲ್ಲ ಎನ್ನುವ ಮಾತು ಗುಬ್ಬಿ ಕಡೆ ಪ್ರತಿ ಚುನಾವಣೆಯಲ್ಲೂ ಏಳುತ್ತದೆ. ಆ ಬಾರಿ ಎದುರಿಗಿದ್ದವರು ಹಾಸನದವರೇ. ಬಸವರಾಜು ಮೊದಲಿನಿಂದಲೂ ನೀರಾವರಿಯ ಮಾತನ್ನೇ ಆಡುತ್ತಿದ್ದವರು, ಪಶ್ಚಿಮಕ್ಕೆ ಹರಿಯುವ ನದಿಗಳ ನೀರನ್ನು ಬಯಲುಸೀಮೆಗೆ ತರಬೇಕೆನ್ನುವ ಪರಮಶಿವಯ್ಯ ವರದಿಯ ಪರ ನಿಂತವರು. ಹಾಗಾಗಿ ವಿಷಯ ಅವರ ಕೈಗೇ ಬಂದು ಬಿದ್ದಂತಾಯಿತು. ಆದರೂ ಅಂತರ 13,339 ಮತ ಮಾತ್ರ. ಇದನ್ನು ‘ಭಾರೀ ಅಲೆ’ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

2024ರಲ್ಲಿ ಅವರು ಸ್ಪರ್ಧಿಸಲಿಲ್ಲ, ಬಿಜೆಪಿಯಿಂದ ವಿ. ಸೋಮಣ್ಣ ನಿಂತು ಗೆದ್ದರು. ತುಮಕೂರು ನಗರದ ಶಾಸಕ ಜ್ಯೋತಿಗಣೇಶ್ ಬಸವರಾಜು ಅವರ ಮಗ.