ವೈಫೈ ಪಾಸ್‌ವರ್ಡ್ ಬದಲಿಸಿದರೆ ಸಾಕೇ?

ಪ್ರಶ್ನೆ: ವೈಫೈ ಪಾಸ್‌ವರ್ಡ್ ಬದಲಿಸಿದ್ದೇನೆ. ರೂಟರ್‌ಗೆ ಇನ್ನೊಂದು ಪಾಸ್‌ವರ್ಡ್ ಇದೆಯಂತೆ, ಹೌದೇ?

ಉತ್ತರ: ಹೌದು, ಹೆಚ್ಚಿನವರು ಮುಟ್ಟದೇ ಬಿಡುವುದೂ ಅದನ್ನೇ. ವೈಫೈ ಪಾಸ್‌ವರ್ಡ್ ನೆಟ್‌ವರ್ಕ್ ಸೇರುವುದಕ್ಕೆ. ರೂಟರ್‌ನ ಸೆಟ್ಟಿಂಗ್ ತೆರೆಯಲು ಅಡ್ಮಿನ್ ಪಾಸ್‌ವರ್ಡ್ ಬೇರೆ. ಹಳೆಯ ಎಷ್ಟೋ ರೂಟರ್‌ಗಳಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ‘ಅಡ್ಮಿನ್’ ಎಂದೇ ಇರುತ್ತವೆ. ವೈರಸ್ ಹೊಕ್ಕ ಒಂದು ಫೋನ್ ನಿಮ್ಮ ವೈಫೈ ಸೇರಿದರೂ ಸಾಕು, ರೂಟರ್‌ನ ಡಿಎನ್‌ಎಸ್ (ಜಾಲತಾಣದ ಹೆಸರಿಗೆ ತಕ್ಕ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ವಿಳಾಸ ಬದಲಿಸಿ ನಿಮ್ಮನ್ನು ನಕಲಿ ಜಾಲತಾಣಕ್ಕೆ ತಿರುಗಿಸಬಹುದು.

ಫೋನಿನ ವೈಫೈ ವಿವರದಲ್ಲಿ ‘ಗೇಟ್‌ವೇ’ ಅಥವಾ ‘ರೂಟರ್’ ಎಂದಿರುವ ವಿಳಾಸವನ್ನು ಬ್ರೌಸರ್‌ನಲ್ಲಿ ಟೈಪ್ ಮಾಡಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1. ಒಳಗೆ ಹೋಗಿ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ಇಂಟರ್ನೆಟ್ ಮೂಲಕ ರೂಟರ್ ಸೆಟ್ಟಿಂಗ್ ತೆರೆಯುವ ಸೌಲಭ್ಯ) ಆಫ್ ಮಾಡಿ. ಪಾಸ್‌ವರ್ಡ್ ಬದಲು ಬಟನ್ ಅಥವಾ ಪಿನ್‌ನಿಂದ ವೈಫೈ ಸೇರಿಸುವ ಡಬ್ಲ್ಯುಪಿಎಸ್ ಕೂಡ ಆಫ್ ಇರಲಿ. ಅದರ ಪಿನ್ 8 ಅಂಕಿಯದಾದರೂ ಕೊನೆಯದು ಬರೀ ಚೆಕ್‌ಸಮ್, ಅಂದರೆ ಉಳಿದ ಅಂಕಿಗಳಿಂದಲೇ ಲೆಕ್ಕ ಹಾಕಬಹುದಾದ ಅಂಕಿ. ಉಳಿದದ್ದನ್ನು ರೂಟರ್ 4 ಮತ್ತು 3 ಅಂಕಿಗಳ ಎರಡು ತುಂಡಾಗಿ ಪರಿಶೀಲಿಸುತ್ತದೆ. ಹಾಗಾಗಿ ಹೆಚ್ಚೆಂದರೆ 11,000 ಸಲ ಊಹಿಸಿದರೆ ಪಿನ್ ಸಿಕ್ಕಿಬಿಡುತ್ತದೆ. 2011ರಲ್ಲೇ ಬಯಲಾದ ಈ ದೋಷ ಹಳೆಯ ರೂಟರ್‌ಗಳಲ್ಲಿ ಈಗಲೂ ಇರಬಹುದು.

ಹೊಸ ಅಡ್ಮಿನ್ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಮನೆಯೊಳಗೇ ಇಡಿ, ತಪ್ಪೇನಿಲ್ಲ. ಮರೆತರೆ ರೀಸೆಟ್ ಬಟನ್ ಒತ್ತಬೇಕಾಗುತ್ತದೆ. ಆಗ ಇಂಟರ್ನೆಟ್ ಸಂಪರ್ಕದ ಯೂಸರ್‌ನೇಮ್‌, ಪಾಸ್‌ವರ್ಡ್ ಕೂಡ ಅಳಿಸಿಹೋಗಿ ನೆಟ್ ನಿಂತೇಬಿಡಬಹುದು. ಅವನ್ನೂ ಅದೇ ಕಾಗದದಲ್ಲಿ ಬರೆದಿಡಿ.

ಪ್ರಶ್ನೆ: ರೂಟರ್‌ನಲ್ಲಿ ವೈಫೈ ಭದ್ರತೆಯ ಹೊಸ ವಿಧಾನ ಡಬ್ಲ್ಯುಪಿಎ3 ಆರಿಸಿದ ಮೇಲೆ ಹಳೆಯ ಕ್ಯಾಮೆರಾ ಕನೆಕ್ಟ್ ಆಗುತ್ತಿಲ್ಲ.

ಉತ್ತರ: ಅದಕ್ಕೆ ಡಬ್ಲ್ಯುಪಿಎ3 ಗೊತ್ತಿಲ್ಲ. ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3’ ಮಿಶ್ರ ಆಯ್ಕೆ ಹಾಕಿ ನೋಡಿ. ಕೆಲವು ಸಾಧನಗಳು ಅದಕ್ಕೂ ಜಗ್ಗುವುದಿಲ್ಲ. ಅಂಥವಕ್ಕೆ 2.4 ಗಿಗಾಹರ್ಟ್ಸ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ತೆರೆದು, ರೂಟರ್‌ನಲ್ಲಿ ಅವಕಾಶವಿದ್ದರೆ ಆ ನೆಟ್‌ವರ್ಕ್‌ಗೆ ಮಾತ್ರ ಡಬ್ಲ್ಯುಪಿಎ2-ಎಇಎಸ್ ಕೊಡಿ, ಹಳೆಯ, ದುರ್ಬಲ ಗೂಢಲಿಪಿ ವಿಧಾನವಾದ ಟಿಕೆಐಪಿ ಬೇಡ. ಕ್ಯಾಮೆರಾ ನಿಮ್ಮ ಲ್ಯಾಪ್‌ಟಾಪಿನಿಂದ ಬೇರೆಯಾಗಿರುವುದು ಹೇಗೂ ಒಳ್ಳೆಯದೇ. ಡಬ್ಲ್ಯುಪಿಎ2ನಲ್ಲಿ ಸಾಧನ ಸೇರುವಾಗಿನ ಸಂಕೇತವನ್ನು ಹ್ಯಾಕರ್ ಹಿಡಿದಿಟ್ಟುಕೊಂಡು, ಆಮೇಲೆ ಬಿಡುವಾಗಿ ಪಾಸ್‌ವರ್ಡ್ ಊಹಿಸುತ್ತ ಕೂರಬಹುದು. ಆದ್ದರಿಂದ ಮೊಬೈಲ್ ನಂಬರ್, ಹುಟ್ಟಿದ ದಿನ ಬೇಡ. 63 ಅಕ್ಷರದವರೆಗೂ ಅವಕಾಶವಿದೆ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದ ಜೋಡಿಸಿ.

ಪ್ರಶ್ನೆ: ಕ್ಯಾಮೆರಾ ಖಾತೆಗೆ ಲಾಗಿನ್ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ ಹಾಕಿದ್ದೇನೆ. ಕೋಡ್ ತಪ್ಪು ಎನ್ನುತ್ತದೆ.

ಉತ್ತರ: ಫೋನಿನ ಗಡಿಯಾರ ನೋಡಿ. ಈ 6 ಅಂಕಿಯ ಕೋಡ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ, ಸಮಯದ ಲೆಕ್ಕದಲ್ಲೇ ಹುಟ್ಟುತ್ತದೆ; ಗಡಿಯಾರ ಒಂದೆರಡು ನಿಮಿಷ ಹಿಂದೆಮುಂದಾದರೂ ಕೋಡ್ ಹೊಂದದಿರಬಹುದು. ‘ಆಟೊಮ್ಯಾಟಿಕ್ ಟೈಮ್’ ಆನ್ ಮಾಡಿ. ಆ್ಯಪ್ ಇಲ್ಲದಾಗ ಬಳಸಲು ಬ್ಯಾಕಪ್ ಕೋಡ್‌ಗಳನ್ನು ಕೊಟ್ಟಿದ್ದರೆ ಅದೇ ಫೋನಿನಲ್ಲಿ ಇಟ್ಟುಕೊಳ್ಳಬೇಡಿ.