ಆಷಾಢದಲ್ಲಿ ನಿಂತ ಬ್ಯಾಟರಿ ಗಾಡಿ

ಪ್ರಶ್ನೆ: ಚಿಕ್ಕಬಳ್ಳಾಪುರದ ಹೊರಗೆ ನಮ್ಮದೊಂದು ಕಲ್ಯಾಣ ಮಂಟಪ ಇದೆ. ವಯಸ್ಸಾದವರನ್ನು ಗೇಟಿನಿಂದ ಒಳಗೆ ಕರೆತರಲು ಗಾಲ್ಫ್ ಕಾರ್ಟ್ ಇಟ್ಟಿದ್ದೇವೆ. 8 ವೋಲ್ಟಿನ ಆರು ಬ್ಯಾಟರಿ, ತಗೊಂಡು ಮೂರು ವರ್ಷ. ಮೊದಲು ರಾತ್ರಿ ಆರತಕ್ಷತೆ ಮುಗಿಯೋವರೆಗೂ ಓಡುತ್ತಿತ್ತು. ಈ ಶ್ರಾವಣದಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೇ ನಿಲ್ಲುತ್ತಿದೆ. ಶುದ್ಧ ಕುಡಿಯುವ ನೀರಿನ ಘಟಕದಿಂದ ನೀರು ತಂದು ತಪ್ಪದೆ ಹಾಕುತ್ತೇವೆ. ಒಂದು ಬ್ಯಾಟರಿ ಬದಲಾಯಿಸಿದರೆ ಸಾಕು ಅಂತಾರೆ ಮೆಕ್ಯಾನಿಕ್. ಸರಿನಾ ಸಾರ್?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಒಂದೇ ಒಂದು ಹೊಸದು ಹಾಕಬೇಡಿ. ಆರೂ ಸಾಲಾಗಿ ಜೋಡಿಸಿದ ಬ್ಯಾಟರಿಗಳು, ಎಲ್ಲದರಲ್ಲೂ ಹರಿಯೋದು ಒಂದೇ ಕರೆಂಟು. ಮುದಿ ಎತ್ತುಗಳ ಜೊತೆ ಹೋರಿ ಕಟ್ಟಿದ ಹಾಗಾಗುತ್ತೆ, ಹೊಸದೂ ಬೇಗ ಸೊರಗುತ್ತೆ.

ಮೊದಲು ಬ್ಯಾಟರಿ ಅಂಗಡಿಯಿಂದ ಒಂದು ಹೈಡ್ರೋಮೀಟರ್ ತನ್ನಿ. ಗಾಜಿನ ಕೊಳವೆ, ತುದಿಗೆ ರಬ್ಬರ್ ಬಲ್ಬು, ಅಷ್ಟೇ. ಆಸಿಡ್ ಎಷ್ಟು ಗಟ್ಟಿಯಿದೆ ಅಂತ ತೋರಿಸುತ್ತೆ, ಚಾರ್ಜ್ ಇಳಿದಷ್ಟೂ ಅಂಕಿ ಇಳಿಯುತ್ತೆ. ರಾತ್ರಿಯೆಲ್ಲ ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು ಮುಚ್ಚಳ ತೆಗೆಯಿರಿ. 8 ವೋಲ್ಟಿನದಕ್ಕೆ ನಾಲ್ಕು ಸೆಲ್, ಅಂದರೆ ಆಸಿಡ್ ತುಂಬಿದ ಖಾನೆ, ಒಟ್ಟು 24. ಒಂದೊಂದರಿಂದಲೂ ಆಸಿಡ್ ಹೀರಿ, ಒಳಗೆ ತೇಲೋ ಕಡ್ಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ಬರೆದಿಡಿ. 1265ರಿಂದ 1280 ಬಂದರೆ ಚೆನ್ನಾಗಿದೆ. ಇಪ್ಪತ್ಮೂರು ಸೆಲ್ 1260 ತೋರಿಸಿ, ಒಂದು ಮಾತ್ರ 1200 ತೋರಿಸಿದರೆ ಆ ಸೆಲ್ ಕೆಟ್ಟಿದೆ. ಮೂರು ವರ್ಷದ ಸೆಟ್ಟಿಗೆ ಆಗ ಆರೂ ಬದಲಾಯಿಸೋದೇ ವಾಸಿ.

ಎಲ್ಲವೂ ಒಂದೇ ಸಮ ಕಡಿಮೆ, ಉದಾಹರಣೆಗೆ 1220ರ ಆಸುಪಾಸು ಇದ್ದರೆ? ನನ್ನ ಅನುಮಾನ ಇದರ ಮೇಲೇ. ಆಷಾಢದಲ್ಲಿ ಮದುವೆ ಇರಲಿಲ್ಲ, ಗಾಡಿ ಮೂಲೆಯಲ್ಲಿ ನಿಂತಿತ್ತು, ಚಾರ್ಜರ್ ಯಾರೂ ಹಾಕಲಿಲ್ಲ. ಅಲ್ವಾ? ಸುಮ್ನೆ ನಿಂತರೂ ಬ್ಯಾಟರಿ ಇಳಿಯುತ್ತೆ. ಇಳಿದ ಮೇಲೆ ಒಳಗಿನ ಸೀಸದ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ, ಮಾಮೂಲಿ ಚಾರ್ಜಿಗೆ ಪೂರ್ತಿ ಕರಗಲ್ಲ. ನಿಮ್ಮ ಚಾರ್ಜರಿನಲ್ಲಿ ಈಕ್ವಲೈಸ್, ಅಂದರೆ ಎಲ್ಲ ಸೆಲ್ ಸಮ ಆಗಲು ಬೇಕಂತಲೇ ಸ್ವಲ್ಪ ಹೆಚ್ಚು ಚಾರ್ಜ್ ಮಾಡೋ ಸೌಲಭ್ಯ, ಇದ್ದರೆ ಅದನ್ನು ಹಾಕಿ ನೋಡಿ, ಸ್ವಲ್ಪವಾದರೂ ಚೇತರಿಸಿಕೊಳ್ಳುತ್ತೆ. ಇನ್ನು ಮುಂದೆ ಗಾಡಿ ನಿಂತಿದ್ದರೂ ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿ. ಓಡಿದ ದಿನವಂತೂ ಅವತ್ತು ರಾತ್ರಿಯೇ. ಅರ್ಧಕ್ಕಿಂತ ಕೆಳಗೆ ಇಳಿಯೋ ತನಕ ಓಡಿಸದಿದ್ದರೆ ಆಯಸ್ಸು ಜಾಸ್ತಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ, ಕಿಟಕಿ ತೆಗೆದಿಡಿ. ಆಯುಧಪೂಜೆ ದಿನ ಗಾಡಿಗೆ ಕರ್ಪೂರ ಬೆಳಗೋ ಮುಂಚೆ ಚಾರ್ಜರ್ ಆಫ್ ಮಾಡಿ, ಗಾಳಿಯಾಡಲು ಬಿಡಿ. ನಗಬೇಡಿ, ನಿಜಕ್ಕೂ ಹೇಳ್ತಿದ್ದೇನೆ.

ನೀರಿನ ವಿಷಯ. ಘಟಕದ ನೀರು ಕುಡಿಯೋಕೆ ಸರಿ. ಆದರೆ ನಮ್ಮ ಕಡೆ ಬೋರ್‌ವೆಲ್ ನೀರು ಎಂಥದ್ದು ಅಂತ ನಿಮಗೇ ಗೊತ್ತು. ಫಿಲ್ಟರ್ ಆದ ಮೇಲೂ ಅದರಲ್ಲಿ ಉಪ್ಪಿನಂಶ ಉಳಿದಿರುತ್ತೆ, ಅದು ಪ್ಲೇಟಿಗೆ ಆಗಲ್ಲ. ಡಿಸ್ಟಿಲ್ಡ್ ವಾಟರೇ ಹಾಕಿ. ಚಾರ್ಜ್ ಆದ ಮೇಲೆ ಹಾಕಿ, ಮೊದಲೇ ತುಂಬಿದರೆ ಉಕ್ಕಿ ಆಸಿಡ್ ಹೊರಗೆ ಚೆಲ್ಲುತ್ತೆ. ಪ್ಲೇಟ್ ಬರಿದಾಗಿ ಕಾಣುತ್ತಿದ್ದರೆ ಮಾತ್ರ ಮುಳುಗೋಷ್ಟು ಮೊದಲೇ ಹಾಕಿಕೊಳ್ಳಿ. ಟರ್ಮಿನಲ್ ಮೇಲೆ ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ನೀರಲ್ಲಿ ಉಜ್ಜಿ ಒರೆಸಿ, ವ್ಯಾಸಲಿನ್ ಸವರಿ. ಆ ನೀರು ಸೆಲ್ಲಿನೊಳಗೆ ಹೋಗಬಾರದು.

ಪ್ರಶ್ನೆ: ಬ್ಯಾಟರಿ ವೀಕ್ ಆದರೆ ಸ್ವಲ್ಪ ಹೊಸ ಆಸಿಡ್ ಹಾಕಬಹುದಾ?
– ಓದುಗರು, ಬಂಗಾರಪೇಟೆ

ಉತ್ತರ: ಬೇಡ. ಕಡಿಮೆಯಾಗೋದು ನೀರು ಮಾತ್ರ, ಆಸಿಡ್ ಒಳಗೇ ಇರುತ್ತೆ. ಮೇಲಿಂದ ಸುರಿದರೆ ಹೈಡ್ರೋಮೀಟರ್ ಒಳ್ಳೆ ಅಂಕಿ ತೋರಿಸುತ್ತೆ, ಪ್ಲೇಟ್ ಬೇಗ ಸವೆಯುತ್ತೆ. ಬ್ಯಾಟರಿ ಉರುಳಿ ಆಸಿಡ್ಡೇ ಚೆಲ್ಲಿದ್ದರೆ ವಿಷಯ ಬೇರೆ, ಅಂಗಡಿಗೆ ಒಯ್ದು ಅಲ್ಲೇ ತುಂಬಿಸಿ.